ಕಿವಿಯ ವಿಷಯ ಕೊನೆಯ ಸಾಲಿಗೆ ಯಾಕೆ ಹೋಯಿತು?

ಪ್ರಶ್ನೆ: ನನಗೆ 21 ವರ್ಷ, ಪದವಿಯ ಕೊನೆಯ ವರ್ಷ. ಚಿಕ್ಕಂದಿನಿಂದ ಈಜು ಗೊತ್ತು. ನೌಕಾಪಡೆಯಲ್ಲಿ ಡೈವರ್ ಆಗಬೇಕೆಂಬುದು ಮೂರು ವರ್ಷದ ಹಟ. ದಾರಿ ಯಾವುದೆಂದು ಮಾತ್ರ ತೋಚುತ್ತಿಲ್ಲ. ನಾವಿಕನಾಗಿ ಸೇರಿ ಅಲ್ಲಿಂದ ಡೈವಿಂಗ್‌ಗೆ ಹೋಗಲೇ? ಅಧಿಕಾರಿ ಹುದ್ದೆಗೇ ಪ್ರಯತ್ನಿಸಲೇ? ಅಥವಾ ಮೊದಲು ಹೊರಗೆ ಕಮರ್ಷಿಯಲ್ ಡೈವಿಂಗ್ ಕಲಿತು ಆಮೇಲೆ ಸೇರಲೇ? ‘ಆಗುವುದಾದರೆ ಕಮಾಂಡೊ ಡೈವರ್ ಆಗು, ಉಳಿದದ್ದೆಲ್ಲ ಹಡಗು ತೊಳೆಯುವ ಕೆಲಸ’ ಎನ್ನುತ್ತಾರೆ ಗೆಳೆಯರು. ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ದಿನಾ ಬೆಳಗಿನ ಜಾವ ಯಾರೂ ಇಲ್ಲದಾಗ ಈಜುಕೊಳದಲ್ಲಿ ಉಸಿರು ಕಟ್ಟಿ ಮುಳುಗುವ ಅಭ್ಯಾಸ ಮಾಡುತ್ತಿದ್ದೇನೆ, ಎರಡೂವರೆ ನಿಮಿಷ ತಲುಪಿದ್ದೇನೆ. ಅಂದಹಾಗೆ, ಹತ್ತನೇ ವಯಸ್ಸಿನಲ್ಲಿ ಎಡಗಿವಿಗೆ ಆಪರೇಷನ್ ಆಗಿತ್ತು. ಅದನ್ನು ಅರ್ಜಿಯಲ್ಲಿ ಹೇಳಲೇಬೇಕೇ?

ಉತ್ತರ: ದಾರಿಯ ಮಾತು ಆಮೇಲೆ. ಈಜುಕೊಳದಲ್ಲಿ ಒಬ್ಬರೇ ಮಾಡುತ್ತಿರುವ ಆ ಅಭ್ಯಾಸವನ್ನು ಇವತ್ತೇ ಬಿಟ್ಟುಬಿಡಿ. ಇದಕ್ಕೆ ನೀವು ಸಲಹೆ ಕೇಳಿಲ್ಲ, ಗೊತ್ತು. ಆದರೂ ಇಡೀ ಪತ್ರದಲ್ಲಿ ನನ್ನ ಎದೆ ಧಸಕ್ಕೆಂದದ್ದು ಆ ಸಾಲಿಗೇ.

ನೀರೊಳಗೆ ಉಸಿರು ಬೇಕೆಂದು ಎದೆ ಒದ್ದಾಡುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಆಮ್ಲಜನಕ ಮುಗಿದದ್ದಲ್ಲ, ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿದ್ದು. ಮುಳುಗುವ ಮುಂಚೆ ಜೋರುಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಆ ಕಾರ್ಬನ್ ಡೈ ಆಕ್ಸೈಡ್ ಹೊರಟುಹೋಗುತ್ತದೆ, ಆಮ್ಲಜನಕ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಚ್ಚರಿಸಬೇಕಾದ ಗಂಟೆ ಬಾರಿಸುವುದೇ ಇಲ್ಲ. ಅಷ್ಟರಲ್ಲಿ ಪ್ರಜ್ಞೆ ತಪ್ಪಿರುತ್ತದೆ. ಹೀಗೆ ಜೀವ ಕಳೆದುಕೊಳ್ಳುವವರು ಈಜು ಬಾರದವರಲ್ಲ, ಚೆನ್ನಾಗಿ ಬಲ್ಲವರೇ. ತಮಾಷೆಯೆಂದರೆ ಈ ವಿದ್ಯೆ ನಿಮ್ಮ ಕನಸಿನ ಕೆಲಸಕ್ಕೆ ಅಷ್ಟಾಗಿ ಬೇಕೂ ಇಲ್ಲ. ಸಿಲಿಂಡರ್ ಗಾಳಿ ಉಸಿರಾಡುವವನಿಗೆ ಮೊದಲು ಕಲಿಸುವ ಪಾಠವೇ ‘ಉಸಿರು ಕಟ್ಟಬೇಡ’ ಎಂಬುದು. ಆಳದಲ್ಲಿ ಎಳೆದ ಗಾಳಿಯನ್ನು ಎದೆಯಲ್ಲಿ ಹಿಡಿದಿಟ್ಟುಕೊಂಡು ಮೇಲೇರಿದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಈಜಿ, ಓಡಿ, ತೋಳಿನ ಶಕ್ತಿ ಬೆಳೆಸಿಕೊಳ್ಳಿ. ಆದರೆ ದಡದಲ್ಲಿ ಒಬ್ಬರು ಕಾವಲಿಲ್ಲದೆ ತಲೆ ಮುಳುಗಿಸಬೇಡಿ. ನೌಕಾಪಡೆಯ ಡೈವರ್‌ಗಳೂ ಹಾಗೆ ಇಳಿಯುವುದಿಲ್ಲ. ಕೆಳಗೆ ಒಬ್ಬ ಇದ್ದರೆ ಮೇಲೆ ಹಗ್ಗ ಹಿಡಿದವನು, ಹೊತ್ತು ನೋಡುವ ಮೇಲ್ವಿಚಾರಕ, ಧುಮುಕಲು ಸಿದ್ಧನಾಗಿ ಕೂತ ಇನ್ನೊಬ್ಬ ಡೈವರ್ ಇರುತ್ತಾರೆ.

ಇನ್ನು ‘ಹಡಗು ತೊಳೆಯುವ ಕೆಲಸ’. ನಿಮ್ಮ ಗೆಳೆಯರು ಪೂರ್ತಿ ಸುಳ್ಳೇನೂ ಹೇಳಿಲ್ಲ. ಹಡಗಿನ ಡೈವರ್‌ನ ಮಾಮೂಲಿ ದಿನ ಹೇಗಿರುತ್ತದೆಂದರೆ: ಹಡಗಿನ ತಳಕ್ಕೆ ಅಂಟಿದ ಚಿಪ್ಪು ಪಾಚಿ ಕೆರೆಯುವುದು, ಪ್ರೊಪೆಲ್ಲರ್‌ಗೆ ಸುತ್ತಿದ ಹಗ್ಗ ಕತ್ತರಿಸುವುದು, ಎಲ್ಲಿ ಬಿರುಕಿದೆಯೆಂದು ಕೈಯಾಡಿಸಿ ನೋಡುವುದು. ಬಂದರಿನ ನೀರು ಎಷ್ಟೋ ಸಲ ಚಹಾದಂತೆ ಕದಡಿರುತ್ತದೆ, ಕಣ್ಣಿನ ಕೆಲಸವನ್ನು ಬೆರಳೇ ಮಾಡಬೇಕು. ಒಂದು ಗಂಟೆ ನೀರಿನಲ್ಲಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ದಡದಲ್ಲಿ ಸಲಕರಣೆ ತೊಳೆದು, ಬಿಚ್ಚಿ, ಜೋಡಿಸಿ, ಲೆಕ್ಕ ಬರೆಯುತ್ತಾ ಹೋಗುತ್ತದೆ. ಇದನ್ನು ಓದುವಾಗ ನಿಮಗೆ ಬೇಸರವಾಯಿತೋ, ಕೈ ತುರಿಸಿತೋ ನೋಡಿಕೊಳ್ಳಿ.

ಕಮಾಂಡೊ ಡೈವರ್‌ಗೆ ನೀರು ಬಹುಪಾಲು ಬರೀ ದಾರಿ. ಗುರಿ ಸಾಮಾನ್ಯವಾಗಿ ದಡದಲ್ಲೋ ಹಡಗಿನ ಮೇಲೋ ಇರುತ್ತದೆ. ಗುಳ್ಳೆ ಬಾರದ ಶುದ್ಧ ಆಮ್ಲಜನಕದ ಉಪಕರಣ ಕಟ್ಟಿಕೊಂಡು ಇರುಳಿನಲ್ಲಿ ಮೈಲುಗಟ್ಟಲೆ ಈಜುತ್ತಾನೆ, ಅದೂ ಮೇಲ್ಮಟ್ಟದಲ್ಲೇ. ಆರೇಳು ಮೀಟರಿಗಿಂತ ಕೆಳಗೆ ಆ ಆಮ್ಲಜನಕವೇ ವಿಷವಾಗಿ ಮೈ ಸೆಟೆದುಕೊಳ್ಳುವ ಅಪಾಯವಿದೆ. 1941ರ ಡಿಸೆಂಬರ್‌ನಲ್ಲಿ ಆರು ಜನ ಇಟಾಲಿಯನ್ನರು ಅಲೆಕ್ಸಾಂಡ್ರಿಯಾ ಬಂದರಿಗೆ ನೀರೊಳಗಿಂದ ನುಸುಳಿ ಬ್ರಿಟಿಷರ ಎರಡು ಯುದ್ಧನೌಕೆಗಳನ್ನು ನಿಷ್ಕ್ರಿಯಗೊಳಿಸಿದ್ದು ಈ ಜಾತಿಯ ಕೆಲಸ. ಆದರೆ ಈ ಪಡೆಯಲ್ಲಿ ನೀವು ಮೊದಲು ಸೈನಿಕ, ಆಮೇಲೆ ಡೈವರ್. ಬಂದೂಕು, ಪ್ಯಾರಾಚೂಟ್, ಕಾಡು ಎಲ್ಲಕ್ಕೂ ಅಷ್ಟೇ ಮನಸ್ಸಿರಬೇಕು. ನಿಮ್ಮ ನಾಲ್ಕು ಪುಟಗಳ ಪತ್ರದಲ್ಲಿ (ಮೇಲೆ ಕೊಟ್ಟದ್ದು ಅದರ ಸಾರ ಮಾತ್ರ) ಬಂದೂಕಿನ ಸುದ್ದಿ ಒಮ್ಮೆಯೂ ಬಂದಿಲ್ಲ.

ಬಂದದ್ದು ಯಾವುದು ಗೊತ್ತೇ? ಹಳೆಯ ಪಂಪ್‌ಸೆಟ್ ರಿಪೇರಿ ಮಾಡಿದ್ದು, ರೇಡಿಯೊ ಬಿಚ್ಚಿದ್ದು. ಇಂಥ ಕೈಗೆ ಎರಡು ಜಾಗಗಳಿವೆ. ಒಂದು ಕ್ಲಿಯರೆನ್ಸ್ ಡೈವರ್, ಅಂದರೆ ನೀರೊಳಗಿನ ಮೈನ್, ಬಾಂಬ್ ಪತ್ತೆಹಚ್ಚಿ ನಿಷ್ಕ್ರಿಯಗೊಳಿಸುವವನು. ಕಬ್ಬಿಣಕ್ಕೂ ಸದ್ದಿಗೂ ಸಿಡಿಯುವ ಮೈನ್‌ಗಳಿರುವುದರಿಂದ ಅವನು ತೊಡುವ ಉಪಕರಣವೂ ಕಾಂತಕ್ಕೆ ಸಿಗದ, ಸದ್ದು ಮಾಡದ ಬಗೆಯದು. ಅವಸರದವನಿಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಮುಳುಗಿದ್ದನ್ನು ಎತ್ತುವ, ನೀರೊಳಗೆ ಬೆಸುಗೆ ಹಾಕುವ, ಕತ್ತರಿಸುವ ವಿಭಾಗ. ಆಳಸಾಗರದ ಡೈವಿಂಗ್‌ಗೂ ಬಹುತೇಕ ಇಂಥ ಅನುಭವಿಗಳೇ ಹೋಗುವುದು. ಅಲ್ಲಿ ದಿನಗಟ್ಟಲೆ ಒತ್ತಡದ ಕೋಣೆಯಲ್ಲೇ, ಅಂದರೆ ಆಳದ ನೀರಿನಷ್ಟೇ ಒತ್ತಡ ತುಂಬಿದ ಮುಚ್ಚಿದ ಕೋಣೆಯಲ್ಲೇ ವಾಸ, ಹೀಲಿಯಂ ಉಸಿರಾಡಿ ಧ್ವನಿ ಬಾತುಕೋಳಿಯದಾಗುತ್ತದೆ, ಕೆಲಸ ಮುಗಿದ ಮೇಲೂ ಸುಮಾರು 30 ಮೀಟರ್ ಆಳಕ್ಕೆ ಒಂದು ದಿನದಂತೆ ಒತ್ತಡ ಇಳಿಸುತ್ತಾ ನಿಧಾನವಾಗಿ ಹೊರಬರಬೇಕು. ಅದು ಇನ್ನೂ ದೂರದ ಮಾತು.

ಈ ಕೆಲಸದ ಇನ್ನೊಂದು ಮುಖವನ್ನು ನೇಮಕಾತಿಯ ಚಿತ್ರಗಳಲ್ಲಿ ತೋರಿಸುವುದಿಲ್ಲ. 2007ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸೇತುವೆ ನದಿಗೆ ಕುಸಿದಾಗ ನೌಕಾಪಡೆಯ ಡೈವರ್‌ಗಳು ಕಾಂಕ್ರೀಟು, ಕಂಬಿಗಳ ನಡುವೆ ತಡಕಾಡಿ ಹುಡುಕಿದ್ದು ಶವಗಳನ್ನು. 2018ರ ಕೊನೆಯಲ್ಲಿ ಮೇಘಾಲಯದ ಕಲ್ಲಿದ್ದಲು ಗಣಿಯಲ್ಲಿ ನೀರು ನುಗ್ಗಿ 15 ಜನ ಸಿಲುಕಿದಾಗಲೂ ನೌಕಾಪಡೆಯ ಡೈವರ್‌ಗಳೇ ಇಳಿದರು. ಒಬ್ಬರನ್ನೂ ಜೀವಂತ ತರಲಾಗಲಿಲ್ಲ. ಮನೆಯವರು ದಡದಲ್ಲಿ ಕಾಯುತ್ತಿರುವಾಗ ಬರಿಗೈಲಿ ಮೇಲೆ ಬರುವುದೂ ಈ ಹುದ್ದೆಯ ಪಾಲು. ನಿಮ್ಮ ಅಪ್ಪನ ಭಯ ನಿಮ್ಮ ಸಾವಿನದ್ದೊಂದೇ ಇರಲಾರದು, ಇದೂ ಇದ್ದೀತು. ಕೇಳಿ ನೋಡಿ. ಅಪ್ಪಂದಿರು ಒಂದೇ ಸಾಲಿನಲ್ಲಿ ‘ಬೇಡ’ ಎನ್ನುವಾಗ ಹಿಂದೆ ಹತ್ತು ಸಾಲು ನುಂಗಿರುತ್ತಾರೆ.

ಈಗ ದಾರಿ. ನನ್ನ ಮಟ್ಟಿಗೆ ಅಳತೆಗೋಲು ಒಂದೇ: ಡೈವಿಂಗ್ ಕೈತಪ್ಪಿದರೆ ಉಳಿಯುವ ಕೆಲಸ ಯಾವುದು? ತರಬೇತಿಯಲ್ಲಿ ಅರ್ಧಕ್ಕೇ ಹೊರಬೀಳುವುದು ಸಾಮಾನ್ಯ, ಪಾಸಾದವರನ್ನೂ ಮುಂದೊಂದು ದಿನ ವೈದ್ಯಕೀಯ ತಪಾಸಣೆ ದಡಕ್ಕೆ ಕೂರಿಸಬಹುದು. ಆದರೆ ಸಮವಸ್ತ್ರದ ಕರಾರು ಅಲ್ಲಿಗೆ ಮುಗಿಯುವುದಿಲ್ಲ, ಉಳಿದ ವರ್ಷಗಳನ್ನು ಬೇರೆ ಹುದ್ದೆಯಲ್ಲಿ ಸವೆಸಬೇಕು. ಕೆಲವು ನೌಕಾಪಡೆಗಳು ಡೈವರ್ ಹುದ್ದೆಗೇ ನೇರ ಸೇರಿಸಿಕೊಳ್ಳುತ್ತವೆ, ಹಲವು ಕಡೆ ಮೊದಲು ಬೇರೆ ಶಾಖೆಗೆ ಸೇರಿ ಆಮೇಲೆ ಸ್ವಇಚ್ಛೆಯಿಂದ ಹೆಸರು ಕೊಡಬೇಕು. ಯಾವುದೇ ಇರಲಿ, ಎಂಜಿನ್ ಕೋಣೆಯ ಕೆಲಸ ನಿಮಗೆ ಹಿಡಿಸುತ್ತದಾದರೆ ತಾಂತ್ರಿಕ ಶಾಖೆಯ ಮೂಲಕ ಹೋಗುವುದು ಲೇಸು. ಡೈವಿಂಗ್ ಸಿಕ್ಕರೂ ಆ ವಿದ್ಯೆ ನೀರೊಳಗೆ ಬಳಕೆಗೆ ಬರುತ್ತದೆ, ಸಿಗದಿದ್ದರೂ ಹೊಟ್ಟೆ ಉರಿಯದೆ ಬದುಕಬಹುದು.

ಅಧಿಕಾರಿಯೋ ನಾವಿಕನೋ? ನೀರಿನಲ್ಲಿ ಹೆಚ್ಚು ವರ್ಷ ಇರುವವನು ಸಾಮಾನ್ಯವಾಗಿ ನಾವಿಕನೇ. ಅಧಿಕಾರಿಗೆ ಬೇಗ ಯೋಜನೆ, ಆಜ್ಞೆ, ಕಡತಗಳ ಭಾರ ಬೀಳುತ್ತದೆ. ನಿಮಗೆ ಜನರನ್ನು ನಡೆಸುವ ಆಸೆಯಿದೆಯೆಂದು ಪತ್ರದಿಂದ ಅನಿಸಲಿಲ್ಲ, ನನ್ನ ಊಹೆ ತಪ್ಪಿದ್ದರೂ ಇರಬಹುದು. ಪದವಿಯನ್ನಂತೂ ಮುಗಿಸಿ, ಆ ಬಾಗಿಲು ತೆರೆದೇ ಇರಲಿ.

ಮೊದಲು ಕಮರ್ಷಿಯಲ್ ಡೈವಿಂಗ್ ಎಂಬ ಸುತ್ತುದಾರಿ ನನಗೆ ಹಿಡಿಸಲಿಲ್ಲ. ಹಣ ದಂಡಿಯಾಗಿ ಬೇಕು, ವಯಸ್ಸಿನ ಮಿತಿ ನಿಮಗಾಗಿ ಕಾಯುವುದಿಲ್ಲ, ಮತ್ತು ಪಡೆಗೆ ಸೇರಿದ ಮೇಲೆ ಅವರು ತಮ್ಮದೇ ರೀತಿಯಲ್ಲಿ ಅ ಆ ಇ ಈಯಿಂದ ಕಲಿಸುತ್ತಾರೆ. ಮುಖವಾಡ ಕಟ್ಟಿಕೊಂಡು ನೀರೊಳಗೆ ಕೂತರೆ ನಿಮಗೆ ಹೇಗನಿಸುತ್ತದೆಂದು ತಿಳಿಯಲು ಚಿಕ್ಕದೊಂದು ಸ್ಕೂಬಾ ಕೋರ್ಸ್ ಸಾಕು. ಅದಕ್ಕೂ ಮೊದಲು ಕಿವಿ.

ಹೇಳಲೇಬೇಕು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ದುಪ್ಪಟ್ಟಾಗುತ್ತದೆ, ನಡುಗಿವಿಯ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಮೂಗು ಹಿಡಿದು ಊದಿ ಸರಿದೂಗಿಸದಿದ್ದರೆ ಕಿವಿಯ ತಮಟೆ ಹರಿಯಬಹುದು. ತಣ್ಣೀರು ಒಳನುಗ್ಗಿತೆಂದರೆ ತಲೆ ತಿರುಗಿ ಮೇಲ್ಯಾವುದು ಕೆಳಗ್ಯಾವುದು ತಿಳಿಯದಾಗುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿರುವವನು ಆಗ ನಿಮಗಾಗಿ ಇಳಿಯಬೇಕು, ನೀವು ಮುಚ್ಚಿಟ್ಟದ್ದರ ಬೆಲೆಯನ್ನು ಅವನೂ ತೆರಬೇಕಾದೀತು. ಹೇಗೂ ಹಲವು ನೌಕಾಪಡೆಗಳಲ್ಲಿ ಅಭ್ಯರ್ಥಿಯನ್ನು ಒತ್ತಡದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸುತ್ತಾರೆ, ಅಲ್ಲಿ ಕಿವಿ ಸುಳ್ಳು ಹೇಳುವುದಿಲ್ಲ. ಆಪರೇಷನ್ ಆಗಿದೆ ಎಂದ ಮಾತ್ರಕ್ಕೆ ಎಲ್ಲ ಮುಗಿಯಿತೆಂದೂ ಅಲ್ಲ. ಆಗಿದ್ದು ಯಾವ ಆಪರೇಷನ್, ತಮಟೆ ಈಗ ಹೇಗಿದೆ, ಒತ್ತಡ ಸರಿದೂಗುತ್ತದೆಯೇ ಎಂಬುದನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಅಮೆರಿಕದ ನೌಕಾಪಡೆಯ ಡೈವರ್ ಕಾರ್ಲ್ ಬ್ರಶಿಯರ್ 1966ರ ಅವಘಡದಲ್ಲಿ ಒಂದು ಕಾಲು ಕಳೆದುಕೊಂಡೂ ಮತ್ತೆ ಡೈವರ್ ಆಗಿ, 1970ರಲ್ಲಿ ಮಾಸ್ಟರ್ ಡೈವರ್ ಪದವಿಗೇರಿದರು. ಅದೂ ಕಾಲನ್ನು ಮುಚ್ಚಿಟ್ಟಲ್ಲ, ವೈದ್ಯರ ಎದುರಿಗೇ ತಿಂಗಳುಗಟ್ಟಲೆ ಪರೀಕ್ಷೆ ಕೊಟ್ಟು.

ಆದ್ದರಿಂದ ಅರ್ಜಿಗೂ ಮುಂಚೆ ಒಬ್ಬ ಕಿವಿ ಮೂಗು ಗಂಟಲು ತಜ್ಞರನ್ನು ನೋಡಿ, ಡೈವಿಂಗ್‌ಗಾಗಿ ಎಂದು ಬಾಯಿಬಿಟ್ಟು ಹೇಳಿ. ಹೋಗುವಾಗ ಆಪರೇಷನ್ನಿನ ಹಳೆಯ ಕಾಗದಗಳು ಬೇಕಾಗುತ್ತವೆ. ಅವು ಅಮ್ಮನ ಬೀರುವಿನಲ್ಲಿ ಇರುತ್ತವೆ. ಯಾಕೆ ಬೇಕು ಎಂದು ಅಮ್ಮ ಕೇಳಿಯೇ ಕೇಳುತ್ತಾರೆ.