ಎರಡು ವಾರಕ್ಕೆ ಕಾರೆತೇರಾ ಆಸ್ತ್ರಾಲ್ ಪೂರ್ತಿ ಬೇಡ

ಜನವರಿಯ ಎರಡು ವಾರದಲ್ಲಿ ದಕ್ಷಿಣ ಚಿಲಿಯ ಕಾರೆತೇರಾ ಆಸ್ತ್ರಾಲ್ ಹೆದ್ದಾರಿಯನ್ನು ಪೂರ್ತಿ ಸೈಕಲ್‌ನಲ್ಲಿ ಮುಗಿಸಬಹುದಾ ಅಂತ ಕೇಳಿದ್ದೀರಿ. ಬೇಡ ಅಂತಲೇ ಹೇಳುತ್ತೇನೆ. ಪುಯೆರ್ತೊ ಮೊಂತ್‌ನಿಂದ ವಿಯಾ ಒಹಿಗಿನ್ಸ್ ಎಂಬ ಊರಿನವರೆಗೆ ಸುಮಾರು 1,240 ಕಿ.ಮೀ. ಇದೆ, ನಡುವೆ ಫೆರ್ರಿಗೆ ಕಾಯಬೇಕು, ಮಳೆ ಯಾವಾಗ ಬೇಕಾದರೂ ಹಿಡಿಯುತ್ತದೆ. ಓಡಿಓಡಿ ಮುಗಿಸುವ ದಾರಿ ಅಲ್ಲ ಇದು.

ಬಾಲ್ಮಸೆದಾಗೆ ವಿಮಾನದಲ್ಲಿ ಹೋಗಿ, ಹತ್ತಿರದ ಕೊಯ್ಹೈಕೆ ಪಟ್ಟಣದಿಂದ ದಕ್ಷಿಣಕ್ಕೆ, ವಿಯಾ ಒಹಿಗಿನ್ಸ್ ಕಡೆಗೆ ಹೊರಡಿ. 500 ಕಿ.ಮೀ.ಗೂ ಜಾಸ್ತಿ ಸಿಗುತ್ತದೆ, ನನ್ನ ಪ್ರಕಾರ ಇದೇ ಅತಿ ಚೆಂದದ ಭಾಗ. ವಿಯಾ ಸೆರ್ರೊ ಕಾಸ್ತಿಯೊ ಊರು ದಾಟಿದ ಮೇಲೆ ಹೆಚ್ಚಾಗಿ ಜಲ್ಲಿ ರಸ್ತೆ. ತಗಡಿನ ಶೀಟಿನ ಹಾಗೆ ಏರುತಗ್ಗು, ಕೈ ಮರಗಟ್ಟುತ್ತದೆ. ಎರಡು ಇಂಚಿನ ಟೈರ್ ಹಾಕಿ, ಗಾಳಿ ಸ್ವಲ್ಪ ಕಮ್ಮಿ ಇಡಿ. ಆದರೆ ಜೆನೆರಾಲ್ ಕಾರೆರಾ ಸರೋವರದ ನೀಲಿ, ಆಮೇಲೆ ಜೊತೆಗೇ ಹರಿಯುವ ಬೇಕರ್ ನದಿ! ದಯವಿಟ್ಟು ಅಲ್ಲಿ ನಿಧಾನ ಮಾಡಿ.

ದಾರಿಯಲ್ಲಿ ಸಿಗುವ ಕೊಕ್ರೇನ್ ಪಟ್ಟಣದಲ್ಲೇ ಅಕ್ಕಿ, ಬೇಳೆ, ಓಟ್ಸ್ ತುಂಬಿಕೊಳ್ಳಿ, ಮುಂದೆ ಅಂಗಡಿ ಬಲು ಅಪರೂಪ. ನೀವು ಸಸ್ಯಾಹಾರಿ ಅಂದಿದ್ದೀರಲ್ವಾ, ನಿಮಗಂತೂ ಇದು ಮುಖ್ಯ. ನಗದು ಹಣವನ್ನೂ ಇಟ್ಟುಕೊಳ್ಳಿ. ಪುಯೆರ್ತೊ ಯುಂಗಾಯ್‌ನಲ್ಲಿ ರಸ್ತೆ ನೀರಿಗೆ ಬಂದು ನಿಲ್ಲುತ್ತದೆ, ಆಚೆಗೆ ಫೆರ್ರಿಯೇ ಗತಿ. ಅದರ ಸಮಯ ಮೊದಲೇ ವಿಚಾರಿಸಿ. ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.