ಬ್ರಾಮ್ಸ್‌ನ ರೆಕ್ವಿಯಂ, ಒಂದು ಪಿಯಾನೊ, ನಾಲ್ಕು ಕೈ: ಮೈಕ್‌ಗಿಂತ ಮೊದಲು ಪೆನ್ಸಿಲ್ ತಗೊಳ್ಳಿ

20 ಜನರ ಕ್ವಾಯರ್ (ಒಟ್ಟಿಗೆ ಹಾಡುವ ಗುಂಪು) ನಿಮ್ಮದು. ಆರ್ಕೆಸ್ಟ್ರಾ ಕರೆಸೋಕೆ ದುಡ್ಡಿಲ್ಲ. ಅದಕ್ಕೇ ಜರ್ಮನ್ ಸಂಗೀತಕಾರ ಬ್ರಾಮ್ಸ್‌ನ ‘ಜರ್ಮನ್ ರೆಕ್ವಿಯಂ’, ಸಾವು-ದುಃಖದ ಕುರಿತ ಆ ಏಳು ಭಾಗದ ಹಾಡಿನ ಕೃತಿಯನ್ನು, ಒಂದೇ ಪಿಯಾನೊದಲ್ಲಿ ಇಬ್ಬರು ನುಡಿಸುವ ರೂಪದಲ್ಲಿ ರೆಕಾರ್ಡ್ ಮಾಡಬೇಕು ಅಂತಿದ್ದೀರಿ. ‘ಬಡವಾಗಿ ಕೇಳಿಸದ ಹಾಗೆ ತುಂಬಿಸೋದು ಹೇಗೆ, ಯಾವ ಮೈಕ್ ಒಳ್ಳೇದು’ ಅನ್ನೋದು ನಿಮ್ಮ ಪ್ರಶ್ನೆ. ಅಂಥದ್ದೇ ಒಂದು ಪಿಯಾನೊದ ಎಡಗಡೆ ಕೂತಿದ್ದವನು ನಾನು. ನನ್ನ ಉತ್ತರ ನಿಮ್ಮ ಪ್ರಶ್ನೆಗೆ ಉಲ್ಟಾ ಇದೆ. ತುಂಬಿಸಬೇಡಿ. ಇರೋದರಲ್ಲೇ ಒಂದಿಷ್ಟು ತೆಗೆದು ಹಾಕಿ.

ನಾನು ಮೈಸೂರಿನವನು. ಪಿಯಾನೊ ಕಲಿತದ್ದು ಅಲ್ಲೇ, ಟ್ರಿನಿಟಿ ಸಂಗೀತ ಪರೀಕ್ಷೆಗಳಿಗೆ ಅಂತ. ಈಗ ಕೆಲಸ ಜರ್ಮನಿಯಲ್ಲಿ, ಬ್ರೆಮನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಒಂದು ಸಣ್ಣ ಊರಲ್ಲಿ. ಬ್ರೆಮನ್ ಅಂದರೆ ಈ ಕೃತಿಯ ತವರು ಇದ್ದ ಹಾಗೆ. 1868ರ ಏಪ್ರಿಲ್ 10, ಗುಡ್ ಫ್ರೈಡೇ ದಿನ ಅಲ್ಲಿನ ಕೆಥೀಡ್ರಲ್‌ನಲ್ಲಿ ಬ್ರಾಮ್ಸ್ ತಾನೇ ನಿಂತು ಇದನ್ನು ನಡೆಸಿದ್ದ. ಆಗ ಆರೇ ಭಾಗ ಇತ್ತು. ಸೊಪ್ರಾನೊ (ಅತಿ ಎತ್ತರದ ಹೆಣ್ಣುದನಿ) ಒಬ್ಬಳು ಕ್ವಾಯರ್ ಮುಂದೆ ಹಾಡುವ ಐದನೇ ಭಾಗ ಆಮೇಲೆ ಸೇರಿದ್ದು. ಹಾಗಾಗಿ ನಮ್ಮ ಊರಿನ ಚರ್ಚ್ ಕ್ವಾಯರ್‌ಗೆ ಇದರ ಮೇಲೆ ಒಂಥರಾ ಹಕ್ಕಿನ ಪ್ರೀತಿ. ನಾವು 22 ಜನ. ಅದರಲ್ಲಿ ಟೆನರ್ (ಎತ್ತರದ ಗಂಡುದನಿಯವರು) ಮೂರೇ ಜನ, ಎಲ್ಲ ಕ್ವಾಯರ್‌ಗಳ ಕಥೆಯೂ ಇದೇ ಅಲ್ವಾ.

ನಾಲ್ಕು ಕೈಯ ಪುಸ್ತಕ ತರಿಸುವ ಕೆಲಸ ನನಗೆ ಬಂತು. ತಪ್ಪು ಶುರುವಾದದ್ದೇ ಅಲ್ಲಿಂದ.

ಆ ಪಿಯಾನೊ ರೂಪವನ್ನು ಮಾಡಿದವನು ಬ್ರಾಮ್ಸೇ. ಆದರೆ ಅವನು ಅದನ್ನು ಮಾಡಿದ್ದು ಹಾಡುವವರಿಲ್ಲದೆಯೂ ಪೂರ್ತಿ ಕೃತಿ ಕೇಳಿಸಲಿ ಅಂತ. ಆ ಕಾಲದಲ್ಲಿ ರೆಕಾರ್ಡ್ ಎಲ್ಲಿತ್ತು? ದೊಡ್ಡ ಕೃತಿಯನ್ನು ಮನೆಯಲ್ಲಿ ಕೇಳಬೇಕು ಅಂದರೆ ಇಬ್ಬರು ಪಕ್ಕಪಕ್ಕ ಕೂತು ನುಡಿಸಿಕೊಳ್ಳಬೇಕಿತ್ತು. ಅಂದರೆ ಅಚ್ಚಾದ ಪುಸ್ತಕದಲ್ಲಿ ಆರ್ಕೆಸ್ಟ್ರಾ ನುಡಿಸುವುದೂ ಇದೆ, ಕ್ವಾಯರ್ ಹಾಡುವುದೂ ಇದೆ. ಒಂಟಿ ಗಾಯಕಿಯ ಸಾಲೂ ಇದೆ. ಎಲ್ಲ ಆ ನಾಲ್ಕು ಕೈಯೊಳಗೇ. ಮುಂದೆ 22 ಜನ ನಿಂತು ಹಾಡುವಾಗ ನಾವು ಪುಸ್ತಕದಲ್ಲಿದ್ದ ಹಾಗೇ ನುಡಿಸಿದರೆ ಏನಾಗುತ್ತೆ? ಅವರು ಹಾಡುವ ಪ್ರತಿ ಸ್ವರವನ್ನೂ ಪಿಯಾನೊ ಮತ್ತೊಮ್ಮೆ ಹೇಳುತ್ತೆ.

ಇದು ನನಗೆ ಕೇಳಿಸಲಿಲ್ಲವಾ? ಕೇಳಿಸಿತ್ತು. ತಪ್ಪು ಅಂತ ಅನ್ನಿಸಲಿಲ್ಲ. ನಾನು ಬೆಳೆದದ್ದು ಅಮ್ಮನ ಜೊತೆ ರಾಮೋತ್ಸವದ ಕಚೇರಿಗಳನ್ನು ಕೇಳುತ್ತಾ. ಹಾಡುವವರು ಒಂದು ಸಂಗತಿ ಹಾಕಿದರೆ ಪಿಟೀಲು ನೆರಳಿನ ಹಾಗೆ ಹಿಂದೆಯೇ ಬರುತ್ತೆ. ಬರದಿದ್ದರೆ ಕಚೇರಿ ಒಣಗಿದಂತೆ. ‘ಪಕ್ಕವಾದ್ಯ ಹಾಡಿನ ಜೊತೆಗೇ ಹಾಡಿತು’ ಅನ್ನೋದು ನಮ್ಮಲ್ಲಿ ಹೊಗಳಿಕೆ. ಒಂದು ದಿನ ಅಭ್ಯಾಸ ಮುಗಿದ ಮೇಲೆ ಆಲ್ಟೊ (ತಗ್ಗಿನ ಹೆಣ್ಣುದನಿ) ಗುಂಪಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, “ನೀವು ಯಾವಾಗಲೂ ನಮ್ಮ ಜೊತೆಗೇ ಹಾಡ್ತೀರಲ್ಲ?” ಅಂದರು. ನಾನು ಹಿಗ್ಗಿಹೋದೆ. ಥ್ಯಾಂಕ್ಸ್ ಬೇರೆ ಹೇಳಿದೆ! ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಕೋಟ್ ಹಾಕಿಕೊಂಡು ಹೋದರು. ಅದು ದೂರು ಅಂತ ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಪಿಟೀಲು ಬೇರೆ, ಪಿಯಾನೊ ಬೇರೆ. ನನ್ನ ತಪ್ಪಿನ ಬೇರು ಇಲ್ಲೇ ಇದೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಬಿಲ್ಲಿನಿಂದ ಬರುವ ದನಿ ಮೆಲ್ಲಗೆ ಹುಟ್ಟಿ ಬೆಳೆಯುತ್ತೆ, ಕೊರಳಿನ ಹಾಗೆ. ಪಿಯಾನೊದ್ದು ಸುತ್ತಿಗೆ ಪೆಟ್ಟು. ಹುಟ್ಟಿದ ಕ್ಷಣದಲ್ಲೇ ಅತಿ ಜೋರು, ಆಮೇಲೆ ಇಳಿಯುತ್ತಾ ಹೋಗುತ್ತೆ. ಕ್ವಾಯರ್ ‘ಸೇಲಿಗ್’ (ಜರ್ಮನ್‌ನಲ್ಲಿ ‘ಧನ್ಯರು’) ಅಂತ ಹಾಡುವಾಗ ಮೊದಲು ಬರೋದು ‘ಸ್’, ಆಮೇಲೆ ‘ಏ’. ನಮ್ಮಂಥ ಹವ್ಯಾಸಿಗಳಲ್ಲಿ ಆ ‘ಏ’ ತಾಳದ ಮೇಲೆ ಸರಿಯಾಗಿ ಬೀಳೋದು ಅಪರೂಪ, ಕೂದಲೆಳೆಯಷ್ಟು ತಡವಾಗಿ ಬೀಳುತ್ತೆ. ಪಿಯಾನೊ ಮಾತ್ರ ಸರಿಯಾಗಿ ತಾಳಕ್ಕೇ ಟಕ್ ಅನ್ನುತ್ತೆ. ಹಾಗಾಗಿ ಪ್ರತಿ ಸ್ವರದ ಮುಂದೆಯೂ ಒಂದು ಟಕ್. ಸಂತೆಯಲ್ಲಿ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾರಲ್ಲ, ಹಾಗೆ. ಬ್ರಾಮ್ಸ್‌ನ ಆರ್ಕೆಸ್ಟ್ರಾದಲ್ಲೂ ವಾದ್ಯಗಳು ಎಷ್ಟೋ ಕಡೆ ಹಾಡಿನ ಸಾಲನ್ನೇ ನುಡಿಸುತ್ತವೆ, ನಿಜ. ಆದರೆ ಅವು ಕೊರಳಿಗೆ ಹೊದಿಕೆ ಹೊದಿಸಿದ ಹಾಗೆ ಇರುತ್ತವೆ. ಪಿಯಾನೊ ಹಾಗೆ ಹೊದಿಸಲಾರದು.

ಇಷ್ಟೂ ಚರ್ಚಿನಲ್ಲಿ ಗೊತ್ತಾಗಲ್ಲ. ಅಲ್ಲಿ ಗೋಡೆಗಳು ಎಲ್ಲವನ್ನೂ ಕಲಸಿ ಕೊಡುತ್ತವೆ. ಗೊತ್ತಾದದ್ದು ಎರಡು ದಿನದ ರೆಕಾರ್ಡಿಂಗ್ ಮುಗಿಸಿ, ಪಿಯಾನೊ ಬಾಡಿಗೆ, ಎಂಜಿನಿಯರ್ ಸಂಬಳ ಎಲ್ಲ ಕೊಟ್ಟು, ಸೋಮವಾರ ರೈಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡಾಗ. ಐದನೇ ಭಾಗ ಬಂತು. ‘ಈಗ ನಿಮಗೆ ದುಃಖವಿದೆ’ ಅಂತ ಸೊಪ್ರಾನೊ ಒಬ್ಬಳೇ ಹಾಡುತ್ತಾಳೆ, ಹಿಂದೆ ಕ್ವಾಯರ್ ‘ತಾಯಿ ಸಂತೈಸುವ ಹಾಗೆ ನಿಮ್ಮನ್ನು ಸಂತೈಸುತ್ತೇನೆ’ ಅನ್ನುತ್ತೆ. ಬ್ರಾಮ್ಸ್‌ನ ತಾಯಿ ತೀರಿಕೊಂಡದ್ದು 1865ರಲ್ಲಿ. ಈ ಭಾಗ ಕೇಳುವಾಗ ಅದನ್ನು ನೆನೆಯದವರು ಕಡಿಮೆ. ನಮ್ಮ ಗಾಯಕಿ ಉಸಿರು ಹಿಡಿದು ಒಂದು ಸ್ವರವನ್ನು ಮೆಲ್ಲಗೆ ಎತ್ತುತ್ತಿದ್ದಾಳೆ, ಪಿಯಾನೊ ಅದೇ ಸ್ವರವನ್ನು ಅವಳಿಗಿಂತ ಮುಂಚೆ ಟಕ್ ಅಂತ ಹೇಳಿ ಮುಗಿಸಿದೆ. ಸಂಗೀತ ಪರೀಕ್ಷೆಯಲ್ಲಿ ಮೇಷ್ಟ್ರು ಉತ್ತರ ಹೇಳಿಕೊಟ್ಟ ಹಾಗೆ. ಆ ಆಲ್ಟೊ ಹಿರಿಯರ ಮಾತು ನನಗೆ ಅರ್ಥವಾದದ್ದು ಆಗ. ನಾನು ಇಳಿಯಬೇಕಾದ ಸ್ಟೇಷನ್ ದಾಟಿಹೋಗಿತ್ತು.

ಎಂಜಿನಿಯರ್‌ಗೆ ಫೋನ್ ಮಾಡಿ, “ಪಿಯಾನೊ ಮೈಕ್ ಇಳಿಸೋಕೆ ಆಗಲ್ವಾ?” ಅಂದೆ. ಇಳಿಸಬಹುದು. ಆದರೆ ಪಿಯಾನೊ ಕ್ವಾಯರ್‌ನ ಮೈಕ್‌ಗಳಲ್ಲೂ ತುಂಬಿಕೊಂಡಿತ್ತು, ಸೊಪ್ರಾನೊ ಮುಂದಿನ ಮೈಕ್‌ನಲ್ಲೂ. ಅನ್ನಕ್ಕೆ ಬಿದ್ದ ಸಾರನ್ನು ವಾಪಸ್ ತೆಗೆಯೋಕಾಗುತ್ತಾ? ನಿಮ್ಮ ‘ಯಾವ ಮೈಕ್’ ಪ್ರಶ್ನೆಗೆ ನನ್ನ ಹತ್ತಿರ ಉತ್ಸಾಹ ಇಲ್ಲದಿರುವುದು ಇದಕ್ಕೇ.

ನನ್ನ ಇನ್ನೊಂದು ತಪ್ಪು ಮೂರನೇ ಭಾಗದ ಕೊನೆಯದು. ಅಲ್ಲಿನ ಫ್ಯೂಗ್ (ಒಂದೇ ಸಾಲನ್ನು ಬೇರೆ ಬೇರೆ ದನಿಗಳು ಒಂದರ ಹಿಂದೆ ಒಂದು ಎತ್ತಿಕೊಳ್ಳುವ ಭಾಗ) ಪೂರ್ತಿ, 36 ಬಾರ್ (ತಾಳದ ಸುತ್ತು) ಉದ್ದಕ್ಕೂ, ಕೆಳಗೆ ಒಂದೇ ‘ಡಿ’ ಸ್ವರ ನಿಂತಿರುತ್ತೆ, ನಮ್ಮ ತಂಬೂರಿ ಶ್ರುತಿಯ ಹಾಗೆ. 1867ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಮೊದಲ ಮೂರು ಭಾಗಗಳನ್ನು ಮಾತ್ರ ನುಡಿಸಿದಾಗ ಟಿಂಪನಿ (ದೊಡ್ಡ ನಗಾರಿ) ಬಾರಿಸುವವನು ಆ ಡಿಯನ್ನು ಎಷ್ಟು ಜೋರಾಗಿ ಬಾರಿಸಿದ ಅಂದರೆ ಉಳಿದದ್ದೆಲ್ಲ ಅದರಡಿ ಮುಳುಗಿಹೋಯಿತು, ಜನ ಸಿಟ್ಟಾದರು. ಈ ಕಥೆ ನನಗೆ ಮೊದಲೇ ಗೊತ್ತಿತ್ತು. ಕ್ವಾಯರ್‌ನವರಿಗೆ ತಮಾಷೆಯಾಗಿ ಹೇಳಿಯೂ ಇದ್ದೆ. ಪಿಯಾನೊದಲ್ಲಿ ದನಿ ನಿಲ್ಲೋದಿಲ್ಲ, ಮತ್ತೆ ಮತ್ತೆ ಬಾರಿಸಲೇಬೇಕು. ನಾನೂ ಬಾರಿಸಿದೆ. ಆ ಟಿಂಪನಿಯವನಿಗಿಂತ ನಾನೇನೂ ಕಡಿಮೆ ಇಲ್ಲ ಅಂತ ರೆಕಾರ್ಡಿಂಗ್ ಹೇಳುತ್ತೆ.

ಈಗ ನಿಮ್ಮ ‘ಬಡವಾಗಿ’ ಅನ್ನೋ ಮಾತಿಗೆ ಬರುತ್ತೇನೆ. ಅದನ್ನು ನಾನು ಒಪ್ಪಲ್ಲ. ಪೂರ್ತಿ ಆರ್ಕೆಸ್ಟ್ರಾ ಕೈಯಲ್ಲಿದ್ದಾಗಲೂ ಬ್ರಾಮ್ಸ್ ಮೊದಲ ಭಾಗ ಮುಗಿಯುವವರೆಗೆ ವಯಲಿನ್‌ಗಳನ್ನು ಸುಮ್ನೆ ಕೂರಿಸಿದ್ದಾನೆ. ಅವಕ್ಕಿಂತ ತಗ್ಗು ಶ್ರುತಿಯ ವಯೋಲಾ, ಚೆಲ್ಲೊಗಳ ಮಬ್ಬು ದನಿಯೇ ಸಾಕು ಅಂದುಕೊಂಡ. ಸತ್ತವರ ಆತ್ಮಕ್ಕೆ ಶಾಂತಿ ಕೋರುವ ರೂಢಿಯ ಲ್ಯಾಟಿನ್ ಸಾಹಿತ್ಯವನ್ನು ಬಿಟ್ಟು, ಲೂಥರ್ ಜರ್ಮನ್‌ಗೆ ಅನುವಾದಿಸಿದ ಬೈಬಲ್‌ನಿಂದ ತಾನೇ ಸಾಲು ಆರಿಸಿಕೊಂಡ. ಶುರುವಾಗುವುದೇ ‘ದುಃಖಿಸುವವರು ಧನ್ಯರು’ ಅಂತ. ಬದುಕುಳಿದವರಿಗಾಗಿ ಬರೆದದ್ದು ಅದು. ಆದರೆ ಮೊದಲ ದಿನದಿಂದಲೂ ಜನರಿಗೆ ಇದಕ್ಕೆ ಏನಾದರೂ ಸೇರಿಸುವ ಚಟ. ಬ್ರೆಮನ್‌ನಲ್ಲಿ ಸಾಹಿತ್ಯದೊಳಗೆ ಕ್ರಿಸ್ತನ ಹೆಸರಿಲ್ಲ ಅಂತ ಚಡಪಡಿಸಿ, ಅವತ್ತಿನ ಕಾರ್ಯಕ್ರಮದಲ್ಲಿ ಹ್ಯಾಂಡೆಲ್ ಕ್ರಿಸ್ತನ ಬಗ್ಗೆ ಬರೆದ ‘ಮೆಸ್ಸಾಯ’ದಿಂದ ಒಂದು ಹಾಡನ್ನು ಸೇರಿಸಿದರು. ನಾನು ಸ್ವರ ಸೇರಿಸಿದೆ. ನೀವು ಈಗ ‘ಕಂಪ್ಯೂಟರ್‌ನಲ್ಲಿ ರಿವರ್ಬ್ ಹಾಕೋಣವಾ’, ಅಂದರೆ ಕೃತಕ ಗುಂಗು ಸೇರಿಸೋಣವಾ, ಅಂತಿದ್ದೀರಿ.

ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. 1871ರ ಜುಲೈ, ಲಂಡನ್ನಿನ ವಿಂಪೋಲ್ ಸ್ಟ್ರೀಟ್, ಸರ್ಜನ್ ಸರ್ ಹೆನ್ರಿ ಥಾಂಪ್ಸನ್ ಅವರ ಮನೆ. ಬ್ರಿಟನ್ನಿನಲ್ಲಿ ಈ ಕೃತಿ ಮೊದಲ ಸಲ ಪೂರ್ತಿಯಾಗಿ ಕೇಳಿಸಿದ್ದು ಆ ಮನೆಯಲ್ಲಿ, ಆರ್ಕೆಸ್ಟ್ರಾ ಇಲ್ಲದೆ. ಪಿಯಾನೊಗೆ ಕೂತವರು ಮನೆಯಾಕೆ ಕೇಟ್ ಲೋಡರ್ ಮತ್ತು ಸಿಪ್ರಿಯಾನಿ ಪಾಟರ್. ಪಾಟರ್‌ಗೆ ಆಗ 80ರ ಹತ್ತಿರ ವಯಸ್ಸು, ಹರೆಯದಲ್ಲಿ ವಿಯೆನ್ನಾಕ್ಕೆ ಹೋಗಿ ಬೀಥೋವನ್‌ನನ್ನು ಕಂಡಿದ್ದ ಮನುಷ್ಯ. ಅದೇ ವರ್ಷ ತೀರಿಕೊಂಡರು. ಈ ರೂಪಕ್ಕೆ ‘ಲಂಡನ್ ಆವೃತ್ತಿ’ ಅನ್ನೋ ಹೆಸರು ಬಂದದ್ದು ಆ ಸಂಜೆಯಿಂದ. ಅಲ್ಲಿ ಕೂತವರಿಗೆ ಪಕ್ಕದವರ ಉಸಿರು ಕೇಳಿಸಿರುತ್ತೆ. ನೀವು ರೆಕಾರ್ಡ್ ಮಾಡಬೇಕಾದದ್ದು ಆ ಕೋಣೆಯನ್ನು, ಆರ್ಕೆಸ್ಟ್ರಾದ ಬಡ ನೆಂಟನನ್ನಲ್ಲ. ಆರ್ಕೆಸ್ಟ್ರಾನೇ ಬೇಕು ಅನ್ನಿಸಿದರೆ ಎರಡು ವರ್ಷ ದುಡ್ಡು ಕೂಡಿಸಿ.

ಹಾಗಾದರೆ ಮಾಡೋದೇನು? ಆರ್ಕೆಸ್ಟ್ರಾದ ಪೂರ್ತಿ ಸ್ಕೋರ್ (ಎಲ್ಲರ ಸ್ವರಲಿಪಿಯೂ ಒಟ್ಟಿಗಿರುವ ಪುಸ್ತಕ) ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನು ನಾಲ್ಕು ಕೈಯ ಪುಸ್ತಕದ ಪಕ್ಕ ಇಟ್ಟುಕೊಳ್ಳಿ. ಯಾವುದು ವಾದ್ಯದ ಮಾತು, ಯಾವುದು ಕೊರಳಿನ ಮಾತು ಅಂತ ಸಾಲು ಸಾಲಾಗಿ ನೋಡಿ, ಕೊರಳಿನದನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿ. ಸೊಪ್ರಾನೊ ಮತ್ತು ಬ್ಯಾರಿಟೋನ್ (ನಡುಮಟ್ಟದ ಗಂಡುದನಿ) ಒಂಟಿ ಗಾಯಕರ ಸಾಲುಗಳನ್ನು ಮುಲಾಜಿಲ್ಲದೆ ತೆಗೆಯಿರಿ. ಫ್ಯೂಗ್‌ಗಳಲ್ಲಿ ಮಾತ್ರ ಸ್ವಲ್ಪ ಉಳಿಸಿ, ಇಲ್ಲದಿದ್ದರೆ ಟೆನರ್‌ಗಳು ದಾರಿ ತಪ್ಪುತ್ತಾರೆ. ನಮ್ಮ ಮೂವರಂತೂ ತಪ್ಪಿದರು. ಇದನ್ನು ರೆಕಾರ್ಡಿಂಗ್ ಹಿಂದಿನ ದಿನ ಮಾಡಬೇಡಿ, ಊರುಗೋಲು ಕಿತ್ತುಕೊಂಡ ಹಾಗಾಗುತ್ತೆ. ನಾವು ಎರಡನೇ ಸಲ ಪ್ರಯತ್ನಿಸಿದಾಗ ಕ್ವಾಯರ್ ಶ್ರುತಿ ಇಳಿಯದೆ ನಿಲ್ಲೋಕೆ ಆರು ವಾರ ಹಿಡಿಯಿತು.

ಎರಡನೇ ಸಲ ಅಂದರೂ ಪೂರ್ತಿ ಅಲ್ಲ. ದುಡ್ಡು ಖಾಲಿಯಾಗಿತ್ತು. ಒಂದು ಸಂಜೆ ನಾಲ್ಕನೇ ಮತ್ತು ಐದನೇ ಭಾಗ ಮಾತ್ರ ಮತ್ತೆ ಹಾಡಿದೆವು. ನಮ್ಮ ಸಿ.ಡಿ.ಯಲ್ಲಿ ಆ ಎರಡು ಭಾಗ ಕೇಳುವ ಹಾಗಿದೆ, ಉಳಿದ ಐದರಲ್ಲಿ ಟಕ್ ಟಕ್ ಹಾಗೇ ಇದೆ. ಆಲ್ಟೊ ಹಿರಿಯರು ಕೇಳಿ ತಲೆಯಾಡಿಸಿದರು, ಏನೂ ಹೇಳಲಿಲ್ಲ. ಐದನೇ ಭಾಗದ ಎರಡೂ ರೆಕಾರ್ಡಿಂಗ್ ಅನ್ನು ಅಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ರಾತ್ರಿ ಫೋನ್ ಮಾಡಿ, “ಮೊದಲನೇದೇ ಚೆನ್ನಾಗಿತ್ತು ಕಣೋ. ಎರಡನೇದರಲ್ಲಿ ಪಾಪ ಆ ಹುಡುಗೀನ ಒಂಟಿಯಾಗಿ ಬಿಟ್ಟುಬಿಟ್ಟಿದ್ದೀರಲ್ಲೋ” ಅಂದಳು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಆದರೂ ಪೆನ್ಸಿಲ್ ವಿಷಯದಲ್ಲಿ ನಾನು ಬದಲಾಗಿಲ್ಲ.

ಮೈಕ್ ಬಗ್ಗೆ ಕೇಳಿದ್ದಿರಿ, ಮರೆತೆ. ಎಲ್ಲರಿಗೂ ಒಟ್ಟಿಗೆ ಒಂದು ಒಳ್ಳೆ ಜೋಡಿ ಸಾಕು. ಪಿಯಾನೊ ಮುಚ್ಚಳವನ್ನು ಸಣ್ಣ ಕಡ್ಡಿಯ ಮೇಲೆ ನಿಲ್ಲಿಸಿ. ಹಾಡುವವರನ್ನು ಪಿಯಾನೊದ ಸುತ್ತ ನಿಲ್ಲಿಸಿ, ಹಿಂದೆ ದೂರದಲ್ಲಲ್ಲ. ಪೆಡಲ್ ಎಡಗಡೆಯವರ ಕಾಲಲ್ಲೇ ಇರಲಿ. ಇಬ್ಬರು ಕೂರುವ ಬೆಂಚ್ ಮೇಲೆ ಮೊದಲೇ ಕೂತು ಎದ್ದು ಅಲ್ಲಾಡಿ ನೋಡಿ. ನಮ್ಮದು ಕಿರ್ ಅನ್ನುತ್ತಿತ್ತು, ಏಳನೇ ಭಾಗದ ಕೊನೇ ಸ್ವರ ಇನ್ನೂ ಆರದೆ ಇರುವಾಗಲೇ.