ಮುಟ್ಟು ನಿಂತ ಮೇಲೂ ಇಷ್ಟೊಂದು ವರ್ಷ ಯಾಕೆ?

ಪ್ರಶ್ನೆ: ನನಗೆ 49. ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ಹಿಂದೆ ಹೆಂಗಸರು 40ಕ್ಕೇ ಸಾಯುತ್ತಿದ್ದರು, ಈಗ ಔಷಧಿಯಿಂದ ಆಯಸ್ಸು ಜಾಸ್ತಿಯಾಗಿ ಇದೆಲ್ಲ ಕಾಣುತ್ತಿದೆ ಅಷ್ಟೇ ಅಂತಾನೆ ಮಗ. ಆದರೆ ನಮ್ಮ ಅತ್ತೆಗೆ 78, ನಮ್ಮ ಕೊಡವರ ಕಕ್ಕಡ ತಿಂಗಳ 18ಕ್ಕೆ ಮಳೆಯಲ್ಲೇ ಹೋಗಿ ಮದ್ದು ಸೊಪ್ಪು ಕುಯ್ದು ತಂದರು! ಪ್ರಕೃತಿ ಹೀಗೆ ಯಾಕೆ ಮಾಡಿತು? ತೋಟಕ್ಕೆ ನುಗ್ಗುವ ಆನೆಗಳಿಗೂ ಮುಟ್ಟು ನಿಂತ ಹಾಗೆ ಮರಿ ಹಾಕೋದು ನಿಲ್ಲುತ್ತಾ? ಇನ್ನೊಂದು, ಹೋದ ವಾರ ಸ್ವಲ್ಪ ರಕ್ತದ ಕಲೆ ಕಂಡಿತು.
– ಹೆಸರು ಬೇಡ, ವಿರಾಜಪೇಟೆ

ಉತ್ತರ: ಮೊದಲು ನೀವು ಕೊನೆಗೆ ಬರೆದದ್ದು. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಹೆಚ್ಚಿನ ಸಲ ದೊಡ್ಡದೇನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಇದೇ ಇರಬಹುದು. ಮಳೆ ಬಿಡಲಿ ಅಂತ ಕಾಯಬೇಡಿ, ಈ ವಾರವೇ ಹೋಗಿ.

ಇನ್ನು ಮಗನ ಮಾತು. ಸರಾಸರಿ ಆಯಸ್ಸು 35 ಅಂದರೆ ಎಲ್ಲರೂ 35ಕ್ಕೇ ಸತ್ತರು ಅಂತ ಅಲ್ಲ. ಎಳೆ ಮಕ್ಕಳು ತುಂಬಾ ಸಾಯುತ್ತಿದ್ದರು, ಅದರಿಂದ ಲೆಕ್ಕ ಕೆಳಗೆ ಬರುತ್ತಿತ್ತು. ಟಾಂಜಾನಿಯಾದ ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಅವರಲ್ಲೂ 45 ಮುಟ್ಟಿದ ಹೆಂಗಸು ಸಾಮಾನ್ಯವಾಗಿ ಇನ್ನೂ ಇಪ್ಪತ್ತು ವರ್ಷ ಇರುತ್ತಾಳೆ. ಕ್ರಿಸ್ಟನ್ ಹಾಕ್ಸ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಜೊತೆಗಾರರು ಅಲ್ಲಿ ಕಂಡದ್ದು ನನಗೆ ತುಂಬಾ ಇಷ್ಟ: ತಾಯಿ ಬಾಣಂತಿಯಾಗಿ ಕೂತಾಗ, ಹಾಲು ಬಿಟ್ಟ ದೊಡ್ಡ ಮಗುವಿನ ಮೈ ತುಂಬುವುದು ಅಜ್ಜಿ ಎಷ್ಟು ಹೊತ್ತು ಗೆಡ್ಡೆ ಅಗೆದಳು ಅನ್ನುವುದರ ಮೇಲೆ. ಗಟ್ಟಿ ನೆಲದಲ್ಲಿ ಆಳಕ್ಕಿಳಿದ ಗೆಡ್ಡೆ ತೆಗೆಯೋದು ಚಿಕ್ಕ ಮಕ್ಕಳ ಕೈಲಿ ಆಗಲ್ಲ, ಅಲ್ವಾ? ಹಾಗಂತ ನಾವೆಲ್ಲ ಮೊಮ್ಮಕ್ಕಳನ್ನು ಸಾಕಲಿಕ್ಕೇ ಉಳಿದಿದ್ದೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಲಕ್ಷಾಂತರ ವರ್ಷದ ಹಿಂದಿನ ಕಾರಣ ಇವತ್ತಿನ ನಮ್ಮ ಕರ್ತವ್ಯ ಆಗಲ್ಲ.

ಅಜ್ಜಿಯ ನೆರವಿನಿಂದ ಆಯಸ್ಸು ಬೆಳೆದಿರಬಹುದು, ಆದರೆ ಹೆರುವುದು ಯಾಕೆ ನಿಲ್ಲಬೇಕು? ಒಂದೇ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಹಳೇ ದೊಡ್ಡ ಮನೆಯಲ್ಲಿ, ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಬಾಣಂತಿಯಾದರೆ ಅಂತ ಯೋಚಿಸಿ. ಇರುವ ಊಟವನ್ನೇ ಎರಡು ಕೂಸಿಗೆ ಹಂಚಬೇಕು. ಕಿಲ್ಲರ್ ತಿಮಿಂಗಿಲಗಳಲ್ಲಿ ಗಂಡು ಹೆಣ್ಣು ಮರಿಗಳೆರಡೂ ಬೆಳೆದ ಮೇಲೂ ತಾಯಿ ಜೊತೆಗೇ ಇರುತ್ತವೆ. ಅಲ್ಲಿ ತಾಯಿ ಮಗಳು ಒಂದೇ ಕಾಲಕ್ಕೆ ಮರಿ ಹಾಕಿದರೆ ಸಾಯುವುದು ಜಾಸ್ತಿ ತಾಯಿಯ ಮರಿಯೇ. ಅವೂ 40ರ ಹೊತ್ತಿಗೆ ಮರಿ ಹಾಕುವುದು ನಿಲ್ಲಿಸುತ್ತವೆ, ಆಮೇಲೂ ಹಲವು ದಶಕ ಬದುಕಬಲ್ಲವು. ಸಾಲ್ಮನ್ ಮೀನು ಕಮ್ಮಿಯಾದ ವರ್ಷ ಹಿಂಡಿನ ಮುಂದೆ ಹೋಗುವುದು ಹೆಚ್ಚಾಗಿ ಈ ಅಜ್ಜಿಯರೇ.

ಇಷ್ಟಕ್ಕೇ ಎಲ್ಲ ಬಗೆಹರಿಯಿತು ಅನ್ನಲಾರೆ. ಉಗಾಂಡದ ಎನ್‌ಗೋಗೊ ಕಾಡಿನ ಚಿಂಪಾಂಜಿಗಳಿಗೂ ಮುಟ್ಟು ನಿಲ್ಲುತ್ತದೆ ಅಂತ 2023ರಲ್ಲಿ ಗೊತ್ತಾಯಿತು. ಅವುಗಳ ಹೆಣ್ಣುಮಕ್ಕಳು ಸಾಮಾನ್ಯವಾಗಿ ಬೇರೆ ಗುಂಪಿಗೆ ಹೋಗುತ್ತವೆ, ಅಜ್ಜಿಯ ಆರೈಕೆ ಅಲ್ಲಿ ಕಾಣುವುದಿಲ್ಲ.

ನಿಮ್ಮ ಆನೆಗಳಿಗೆ ನಮ್ಮ ಹಾಗೆ ನಿಲ್ಲುವುದಿಲ್ಲ. ವಯಸ್ಸಾದಂತೆ ಮರಿಗಳು ಕಮ್ಮಿಯಾಗುತ್ತವೆ, ಆದರೆ ಐವತ್ತು ದಾಟಿದ ಹೆಣ್ಣಾನೆಯೂ ಹೆರಬಲ್ಲದು. ತೋಟಕ್ಕೆ ಬರುವ ಹಿಂಡಿನ ಮುಂದೆ ಆ ಮುದುಕಿ ಆನೆ ಇರುತ್ತಲ್ಲ, ಅದರ ಕಾಲ ಹತ್ತಿರವೇ ಓಡಾಡುವ ಮರಿ ಮೊಮ್ಮಗುವೇ ಆಗಬೇಕಿಲ್ಲ, ಅದರದೇ ಇರಬಹುದು.